ಪಾಲ್ ನ್ಯಾಶ್‌ನ ಜೋಡಿ ಗುಡ್ಡ

ಲಂಡನ್ನಿನಲ್ಲಿ ನಾವು ನೋಡಿದ್ದೆಲ್ಲ ಎಲ್ಲರೂ ನೋಡುವಂಥದ್ದೇ, ಅದನ್ನು ಬಿಡುತ್ತೇನೆ. ನನಗೆ ಹೇಳಬೇಕಿರುವುದು ಇಂಗ್ಲಿಷ್ ಚಿತ್ರಕಾರ ಪಾಲ್ ನ್ಯಾಶ್ ಬಿಡಿಸಿದ ಜೋಡಿ ಗುಡ್ಡ, ಆಕ್ಸ್‌ಫರ್ಡ್‌ಷೈರಿನ ವಿಟನ್‌ಹ್ಯಾಮ್ ಕ್ಲಂಪ್ಸ್ ಬಗ್ಗೆ.

ಹೋಗುವವರು ಭಾನುವಾರದ ಬಸ್ ನಂಬಬೇಡಿ. ವೇಳಾಪಟ್ಟಿಯಲ್ಲಿದ್ದ ಬಸ್ಸು ಬರಲೇ ಇಲ್ಲ. ಡಿಡ್‌ಕಾಟ್ ಸ್ಟೇಷನ್ನಿನ ಹೊರಗೆ ಚಳಿಯಲ್ಲಿ ಕಾದೂ ಕಾದೂ ಸಾಕಾಯಿತು. ಈಗಲೂ ನೆನೆದರೆ ಸಿಟ್ಟು ಬರುತ್ತೆ. ಕೊನೆಗೆ ಟ್ಯಾಕ್ಸಿ ಹಿಡಿದು ಡಾರ್ಚೆಸ್ಟರ್-ಆನ್-ಥೇಮ್ಸ್ ಹಳ್ಳಿಯಲ್ಲಿ ಇಳಿದೆವು. ಅಲ್ಲಿಂದ ಹೊಲ ಹಾದು, ಥೇಮ್ಸ್ ದಾಟಿ ನಡೆಯುವ ದಾರಿ ತುಂಬಾ ಚೆನ್ನಾಗಿದೆ.

ಎರಡು ಗುಡ್ಡ, ಮೈತುಂಬ ಹುಲ್ಲು, ನೆತ್ತಿಯ ಮೇಲೆ ಬೀಚ್ ಮರಗಳ ಗುಂಪು. ಅಕ್ಕ ಸುತ್ತ ನೋಡಿ, "ಇದಕ್ಕಾ ಇಷ್ಟು ದೂರ ಕರ್ಕೊಂಡು ಬಂದೆ?" ಅಂದಳು.

ನ್ಯಾಶ್ ಇಪ್ಪತ್ತರ ಹರೆಯದಲ್ಲೇ ಈ ಗುಡ್ಡಗಳಿಗೆ ಮನಸೋತಿದ್ದ. ಮರಗಳನ್ನು ಮನುಷ್ಯರಂತೆ ಬಿಡಿಸಲು ನೋಡುತ್ತಿದ್ದೇನೆ ಅಂತ ಗೆಳೆಯನಿಗೆ ಬರೆದಿದ್ದ. ಆಮೇಲೆ ಮೊದಲ ಮಹಾಯುದ್ಧದಲ್ಲಿ ಅವನು ಕಂಡದ್ದು ಸುಟ್ಟು ಮುರಿದ ಮರದ ಮೋಟುಗಳನ್ನು. 1936ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ಸರ್ರಿಯಲಿಸ್ಟ್ (ಕನಸಿನಂಥ ಚಿತ್ರಗಳನ್ನು ಬಿಡಿಸುವ ಪಂಥದ) ಪ್ರದರ್ಶನ ನಡೆಸಿದವರಲ್ಲಿ ಅವನೂ ಒಬ್ಬ. ಅದೇ ಪಂಥದ ಹೆಸರಾಂತ ಚಿತ್ರಕಾರ ಡಾಲಿಯ ಕರಗುವ ಗಡಿಯಾರಕ್ಕಿಂತ ನನಗೆ ಇವನೇ ಹೆಚ್ಚು ಇಷ್ಟ. ಇದ್ದ ಗುಡ್ಡವನ್ನೇ ಕನಸಾಗಿಸಿದ ಅಲ್ವಾ!

ಮೊಬೈಲಿನಲ್ಲಿ ನ್ಯಾಶ್‌ನ 1943ರ ವಸಂತ ವಿಷುವದ (ಹಗಲು ರಾತ್ರಿ ಸಮವಾಗುವ ದಿನದ) ಚಿತ್ರ ತೆಗೆದು ಅಕ್ಕನಿಗೆ ಕೊಟ್ಟೆ. ಅದರಲ್ಲಿ ಇದೇ ಗುಡ್ಡ. ಆಕಾಶದಲ್ಲಿ ಸೂರ್ಯ, ಚಂದ್ರ ಇಬ್ಬರೂ ಒಟ್ಟಿಗೇ ಇದ್ದಾರೆ. ಅವಳು ಹಿಗ್ಗಿಸಿ, ಕುಗ್ಗಿಸಿ ನೋಡಿದಳು.

"ಇಲ್ಲಿ ನಿಂತು ಬಿಡಿಸಿದ್ದಲ್ಲ ಇದು."

"ಅಲ್ಲ ಅಕ್ಕಾ. ದೂರದ ಬೋರ್ಸ್ ಹಿಲ್‌ನಲ್ಲಿ ಗೆಳತಿಯ ಮನೆಯಿತ್ತು. ಅಲ್ಲಿಂದ ಬೈನಾಕ್ಯುಲರ್‌ನಲ್ಲಿ ನೋಡಿ ಬಿಡಿಸಿದ್ದು. ಆಸ್ತಮಾ ಜಾಸ್ತಿಯಾಗಿತ್ತು."

"ಹತ್ತಿ ಬರೋಕೆ ಆಗ್ತಿರಲಿಲ್ವೇನೋ ಪಾಪ. ಅಮ್ಮನೂ ಕೊನೆಕೊನೆಗೆ ಹಿತ್ತಲ ತೆಂಗಿನಮರ ನೋಡ್ತಾ ಕೂರ್ತಿದ್ದಳಲ್ಲ. ಇಷ್ಟು ಗೊನೆ ಬಿಟ್ಟಿದೆ ಅಂತ ಮಲಗಿದಲ್ಲಿಂದಲೇ ಲೆಕ್ಕ ಹೇಳ್ತಿದ್ದಳು."

ಅದು ನನಗೆ ಗೊತ್ತೇ ಇರಲಿಲ್ಲ. ಆಗ ನಾನು ಊರಲ್ಲಿರಲಿಲ್ಲ. ಇಬ್ಬರೂ ಅಲ್ಲೇ ಹುಲ್ಲಿನ ಮೇಲೆ ಕೂತು ಬಹಳ ಹೊತ್ತು ಅಮ್ಮನ ಮಾತಾಡಿದೆವು.

ಇಳಿಯುವಾಗ ಅಕ್ಕನೇ ಕೇಳಿದಳು, "ಇನ್ನೇನು ಮಾಡಿದ್ದಾನೆ ಇವನು?" ಪುಸ್ತಕಗಳಿಗೆ ಚಿತ್ರ, ಲಂಡನ್ನಿನ ಸಾರಿಗೆಗೆ ಸೀಟಿನ ಬಟ್ಟೆಯ ವಿನ್ಯಾಸ, 1932ರಲ್ಲಿ ನರ್ತಕಿ ಟಿಲಿ ಲಾಷ್‌ಗೆ ಗಾಜಿನ ಗೋಡೆಗಳ ಸ್ನಾನದ ಮನೆ ಅಂತ ಹೇಳುತ್ತಾ ಹೋದೆ. ಸೀಟಿನ ಬಟ್ಟೆ ಅಂದಿದ್ದೇ ಅವಳ ಕಿವಿ ನೆಟ್ಟಗಾಯಿತು. ಹೊಲಿಗೆ ಕಲಿತವಳು. ಕೋವೆಂಟ್ ಗಾರ್ಡನ್ನಿನ ಸಾರಿಗೆ ಮ್ಯೂಸಿಯಂ ಎಷ್ಟು ಗಂಟೆಗೆ ತೆರೆಯುತ್ತೆ ಅಂತ ಅಲ್ಲೇ ಹುಡುಕಿಸಿದಳು.