ಯಾರ್ ಮೇಲೆ ಅನುಮಾನ ಮಿಸ್?

ಜುಲೈ 16, 2025, ಬುಧವಾರ

ಇವತ್ತು ಊಟಕ್ಕೆ ಮುಂಚಿನ ಪಿರಿಯಡ್ ಏಳನೇ ಕ್ಲಾಸಿಗೆ. ಬೋರ್ಡ್ ಮಧ್ಯ ಗೆರೆ ಎಳೆದು ಆ ಕಡೆ ವೀಕ್ಷಣೆ, ಈ ಕಡೆ ಅನುಮಾನ ಅಂತ ಬರೆದೆ. ಬರೆದಿದ್ದೇ ತಡ, ಹಿಂದಿನ ಬೆಂಚಿಂದ 'ಯಾರ್ ಮೇಲೆ ಅನುಮಾನ ಮಿಸ್?' ಅಂತ ಬಂತು, ಕ್ಲಾಸೆಲ್ಲ ನಗು. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿ ಇದೆ ಅನ್ನೋದಕ್ಕೆ ನ್ಯಾಯಶಾಸ್ತ್ರದೋರು (ಕೋರ್ಟಿನ ನ್ಯಾಯ ಅಲ್ಲ, ಹಳೇ ಕಾಲದ ತರ್ಕಶಾಸ್ತ್ರ) ಇಟ್ಟ ಹೆಸರೇ ಅನುಮಾನ, ಆದ್ರೆ ನಮ್ಮೂರಲ್ಲಿ ಅನುಮಾನ ಅಂದ್ರೆ ಕೋಳಿ ಕದ್ದೋನ ಮೇಲೆ ಬರೋದು. ಅಳಿಸಿ 'ಕಂಡಿದ್ದು', 'ಅಂದ್ಕೊಂಡಿದ್ದು' ಅಂತ ಮಾಡಿದೆ.

ಪ್ರಯೋಗ ಅದೇ ಹಳೇದು. ಒಬ್ಬನ ಊಟದ ತಟ್ಟೆ ಇಸ್ಕೊಂಡು ಮೇಣದಬತ್ತಿ ಅಂಟಿಸಿ, ನೀರು ಹಾಕಿ, ಕಾಣ್ಲಿ ಅಂತ ಚೂರು ಅರಿಶಿನ ಕದಡಿ, ಬತ್ತಿ ಹಚ್ಚಿ ಮೇಲೆ ಹಾರ್ಲಿಕ್ಸ್ ಬಾಟ್ಲಿ ಬೋರಲು ಹಾಕಿದೆ. ಉರಿ ಸಣ್ಣಗಾಯ್ತು, ಆರ್ತು, ನೀರು ಒಳಗೆ ಏರ್ತು. ಕಂಡಿದ್ದನ್ನ ಬರೀರಿ ಅಂದ್ರೆ ಮುಕ್ಕಾಲು ಜನ 'ಆಮ್ಲಜನಕ ಖಾಲಿಯಾಗಿ ಆ ಜಾಗಕ್ಕೆ ನೀರು ಬಂತು' ಅಂತ ಬರೆದಿದಾರೆ. ಆಮ್ಲಜನಕ ಕಂಡ್ಯೇನೋ, ಯಾವ ಬಣ್ಣ ಇತ್ತೋ ಅಂತ ಒಬ್ಬನ್ನ ರೇಗಿಸಿದೆ, ಆಮೇಲೆ ನಂಗೇ ಕಸಿವಿಸಿ, ಯಾಕಂದ್ರೆ ಒಂಬತ್ತು ವರ್ಷದಿಂದ ಆ ಸಾಲನ್ನ ವೀಕ್ಷಣೆ ಅಂತ ಬರೆಸ್ಕೊಂಡು ಬಂದಿರೋಳು ನಾನೇ, ಗಾಳೀಲಿ ಆಮ್ಲಜನಕ ಸುಮಾರು 21%, ನೀರೂ ಐದರಲ್ಲಿ ಒಂದು ಭಾಗ ಏರುತ್ತೆ ನೋಡಿ ಅಂತ ಲೆಕ್ಕ ಬೇರೆ ಹೊಂದಿಸ್ತಿದ್ದೆ.

ಕಿಟಕಿ ಪಕ್ಕ ಕೂರೋ ಒಂದು ಹುಡುಗಿ, ಬಾಯಿ ಬಿಡೋದೇ ಅಪರೂಪ, ಅವಳ ಪುಸ್ತಕದಲ್ಲಿ ಮೂರೇ ಸಾಲು. ಬಾಟ್ಲಿ ಇಟ್ಟಾಗ ಅಂಚಲ್ಲಿ ಗುಳ್ಳೆ ಬಂತು. ಉರೀತಿದ್ದಾಗ ನೀರು ಜಾಸ್ತಿ ಏರಲಿಲ್ಲ. ಆರಿದ ಮೇಲೆ ಸರ್ರ ಅಂತ ಏರ್ತು.

ಅಲ್ವಾ ಮತ್ತೆ! ಆಮ್ಲಜನಕ ಖರ್ಚಾಗಿದ್ದಕ್ಕೇ ನೀರು ಏರೋದಾದ್ರೆ ಉರಿಯೋವಾಗ್ಲೇ ಏರ್ಬೇಕಿತ್ತು. ಬಿಸಿಗೆ ಗಾಳಿ ಹಿಗ್ಗಿ ಗುಳ್ಳೆ ಗುಳ್ಳೆಯಾಗಿ ಆಚೆ ಹೋಗುತ್ತೆ, ಉರಿ ಆರಿದ್ಮೇಲೆ ಉಳಿದಿದ್ದು ತಣ್ಣಗಾಗಿ ಕುಗ್ಗುತ್ತೆ, ಆಗ ಹೊರಗಿನ ಗಾಳಿ ನೀರನ್ನ ಒಳಗೆ ಒತ್ತುತ್ತೆ. ಇದೂ ಅಂದ್ಕೊಂಡಿದ್ದೇ, ಅದನ್ನೂ 'ಅಂದ್ಕೊಂಡಿದ್ದು' ಕಾಲಮ್ಮಿಗೇ ಬರೆದೆ. ಆದ್ರೆ ಇದನ್ನ ಪರೀಕ್ಷೆ ಮಾಡ್ಬಹುದಲ್ಲ, ಒಂದರ ಬದಲು ಮೂರು ಬತ್ತಿ ಹಚ್ಚಿದ್ವಿ. ಬಾಟ್ಲಿ ಅದೇ, ಒಳಗಿರೋ ಆಮ್ಲಜನಕಾನೂ ಅಷ್ಟೇ, ನೀರು ಮಾತ್ರ ಮೊದಲಿಗಿಂತ ಎರಡು ಬೆರಳು ಮೇಲೆ ಬಂತು. ಬೆಂಚು ಹತ್ತಿ ನಿಂತು ನೋಡಿದ್ರು, ಇಳೀರೋ ಅನ್ನೋಕೂ ಮನಸ್ಸಾಗ್ಲಿಲ್ಲ.

ಬೆಲ್ ಹೊಡೀತು. ತಟ್ಟೆ ಯಜಮಾನ ಬಂದು ಮೇಣನ ಉಗುರಲ್ಲಿ ಕೆರೀತಾ ಕೇಳ್ದ, 'ಮಿಸ್, ಪರೀಕ್ಷೇಲಿ ಯಾವ್ದು ಬರೀಬೇಕು?' ಕಂಡಿದ್ದು ಬರಿ ಅಂದೆ. 'ಮಾರ್ಕ್ಸ್ ಕೊಡ್ತೀರಾ?' ಕೊಡ್ತೀನಿ ಕಣೋ, ಪೇಪರ್ ತಿದ್ದೋಳು ನಾನೇ ತಾನೇ ಅಂದೆ. 'ಪಬ್ಲಿಕ್ ಪರೀಕ್ಷೆ ಆದ್ರೆ?' ಅಂದ. ಹೋಗಿ ಊಟ ಮಾಡೋ ಅಂತ ಕಳಿಸ್ದೆ.