ಓದ್ಸೂದ್ರಾಗ ಏನರ ಫಾಯದಾ ಐತೇನ್ರಿ?

ಧಾರವಾಡದಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ ಅಂದ ಕೂಡಲೇ ಈ ಪ್ರಶ್ನೆ ಬರುತ್ತದೆ. ಮೊನ್ನೆ ಇಲ್ಲಿನ ಕೋಚಿಂಗ್ ಸೆಂಟರುಗಳ ಬಡಾವಣೆ ಸಪ್ತಾಪುರದ ಚಹಾದಂಗಡಿಯಲ್ಲಿ ಬ್ಯಾಡಗಿ ಕಡೆಯ ರೈತರೊಬ್ಬರು ಕೇಳಿದರು. ಮೆಣಸಿನಕಾಯಿ ಮಾರಿದ ಚೀಟಿಯ ಹಿಂದೆ ಮಗನ ಖರ್ಚು ಬರೆದಿಟ್ಟಿದ್ದರು: ಕೋಚಿಂಗ್ ಫೀ, ರೂಮ್ ಬಾಡಿಗೆ, ಮೆಸ್, ರೀಡಿಂಗ್ ರೂಮ್. ಹುಡುಗನ ಡಿಗ್ರಿ ಮುಗಿದು ಮೂರು ವರ್ಷ. ಪಿಎಸ್‌ಐ, ಪಿಡಿಓ, ಎಫ್‌ಡಿಎ, ಕರೆದದ್ದಕ್ಕೆಲ್ಲ ಅರ್ಜಿ ಹಾಕಿದ್ದಾನೆ.

"ಐತ್ರಿ" ಅಂದೆ. ಸುಮ್ನೆ ಸಮಾಧಾನಕ್ಕೆ ಹೇಳಿದ್ದಲ್ಲ.

ಓದಿದವರ ಸಂಬಳ ಜಾಸ್ತಿ ಇರುತ್ತದೆ, ನಿಜ. ಆದರೆ ಅದು ಓದಿನಿಂದಲೇ ಬಂತೋ, ಮನೆ ಅನುಕೂಲದಿಂದ ಬಂತೋ? ಉಳ್ಳವರ ಮಕ್ಕಳೇ ಜಾಸ್ತಿ ಓದುತ್ತಾರೆ, ಓದದಿದ್ದರೂ ಅಪ್ಪನ ಅಂಗಡಿ ಇರುತ್ತದೆ, ಅಲ್ವಾ? ಈ ಗಂಟು ಬಿಚ್ಚಿದವರಲ್ಲಿ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಒಬ್ಬರು. ಇಂಡೋನೇಷ್ಯಾ ಸರ್ಕಾರ 1973ರಿಂದ ಕೆಲವೇ ವರ್ಷಗಳಲ್ಲಿ, ತೈಲದ ದುಡ್ಡಿನಲ್ಲಿ, 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆ ಕಟ್ಟಿಸಿತು. ಮಕ್ಕಳು ಶಾಲೆಗೆ ಹೋಗದ ಜಿಲ್ಲೆಗಳಿಗೆ ಜಾಸ್ತಿ ಕೊಟ್ಟಿತು. ಅಲ್ಲಿ ಅಣ್ಣಂದಿರಿಗೆ ವಯಸ್ಸು ದಾಟಿತ್ತು, ತಮ್ಮಂದಿರಿಗೆ ಶಾಲೆ ಸಿಕ್ಕಿತು. ಈ ಎರಡು ಪೀಳಿಗೆಯ ಅಂತರ, ಶಾಲೆ ಜಾಸ್ತಿ ಬಂದ ಜಿಲ್ಲೆಯಲ್ಲಿ ಎಷ್ಟು, ಕಡಿಮೆ ಬಂದ ಕಡೆ ಎಷ್ಟು ಅಂತ ಅವರು ಹೋಲಿಸಿದರು. 2001ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಒಂದು ವರ್ಷ ಜಾಸ್ತಿ ಓದಿದರೆ ಸಂಬಳ ಶೇಕಡ 6.8ರಿಂದ 10.6ರಷ್ಟು ಏರುತ್ತದೆ.

ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. 2004ರಲ್ಲಿ ಅವರದೇ ಇನ್ನೊಂದು ಲೇಖನ ಬಂತು. ಓದಿದ ಹುಡುಗರು ಹಿಂಡುಹಿಂಡಾಗಿ ಕೆಲಸಕ್ಕೆ ಬಂದ ಕಡೆ, ಹಿರಿಯರ ಕೂಲಿಗೆ ಪೆಟ್ಟು ಬಿತ್ತು. ಓದು ಬೆಳೆದ ವೇಗದಲ್ಲಿ ಬಂಡವಾಳ ಬೆಳೆಯಲಿಲ್ಲ ಅನ್ನುವುದು ಅವರ ವಿವರಣೆ. ನನಗೆ ಇದೇ ನಮ್ಮ ಕಡೆಯ ಕಥೆ ಅನ್ನಿಸುತ್ತದೆ. ಧಾರವಾಡದಲ್ಲಿ ಕರ್ನಾಟಕ ಕಾಲೇಜು 1917ರಿಂದ ಇದೆ, 2016ರಲ್ಲಿ ಐಐಟಿಯೂ ಬಂತು. ಕಾಲೇಜಿಗೆ ಬರ ಇಲ್ಲ. ಡಿಗ್ರಿ ಹಿಡಿದು ಹೊರಬಂದವರಿಗೆ ಬೇಕಾದ ಕೆಲಸ ಅಷ್ಟೇ ವೇಗದಲ್ಲಿ ಬೆಳೆದಿಲ್ಲ, ಅದಕ್ಕೇ ಸಪ್ತಾಪುರ ತುಂಬಿದೆ.

ರೈತರಿಗೆ ಇನ್ನೊಂದು ಮಾತು ಹೇಳಿದೆ. ಡುಫ್ಲೊ ಎಣಿಸಿದ್ದು ಶಾಲೆಯ ವರ್ಷಗಳನ್ನು, ಕೋಚಿಂಗ್‌ನಲ್ಲಿ ಕಳೆದ ವರ್ಷಗಳನ್ನಲ್ಲ. ಒಂದು ಹುದ್ದೆ ಒಬ್ಬನಿಗೇ ಸಿಗುತ್ತದೆ, ಉಳಿದವರು ಎಷ್ಟು ಓದಿದರೂ ಹುದ್ದೆ ಎರಡಾಗುವುದಿಲ್ಲ. ಇನ್ನೊಂದು ವರ್ಷ ನೋಡಿ, ಜೊತೆಗೆ ಯಾವುದಾದರೂ ಕೆಲಸಕ್ಕೂ ಸೇರಲಿ ಅಂದೆ.

ಅವರು ತಲೆಯಾಡಿಸಿ, "ಮಗಳು ಒಂಬತ್ತನೇ ಕ್ಲಾಸಿನ್ಯಾಗ ಅದಾಳ್ರಿ. ಎಸ್ಸೆಸ್ಸೆಲ್ಸಿ ಆದ ಮ್ಯಾಲ ಬಿಡಸಬೇಕಂತ ಮಾಡೀವಿ" ಅಂದರು.

ಚೀಟಿ ಇಸಿದುಕೊಂಡು ಇನ್ನೊಮ್ಮೆ ನೋಡಿದೆ. ಆಕೆಯ ಖರ್ಚಿನ ಒಂದು ಸಾಲೂ ಇರಲಿಲ್ಲ. "ಬಿಡಸಬ್ಯಾಡ್ರಿ" ಅಂದೆ. ಡುಫ್ಲೊ ಅವರ ಸಂಬಳದ ಲೆಕ್ಕದಲ್ಲೂ ಬರೀ ಗಂಡಸರೇ ಇದ್ದರು. ಅದನ್ನು ಮಾತ್ರ ಹೇಳಲಿಲ್ಲ.