ಸಾಯೋಕೆ ಒಪ್ಪದ ಕೋಶ

ಕಲಬುರಗಿಯಲ್ಲಿ ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತೇನೆ. ಕ್ಯಾನ್ಸರ್ ಅಂದರೇನು ಅಂತ ಕೇಳಿದರೆ ಜೇವರ್ಗಿಯಿಂದ ಬಂದವರಿರಲಿ, ಆಳಂದದಿಂದ ಬಂದವರಿರಲಿ, ಎಲ್ಲರದ್ದೂ ಒಂದೇ ಉತ್ತರ: ಕೋಶಗಳು ಸಿಕ್ಕಾಪಟ್ಟೆ ಬೆಳೆಯುವುದು. ಅದು ಅರ್ಧ ಮಾತು. ಸಾಯಬೇಕಾದ ಕೋಶ ಸಾಯದೇ ಉಳಿಯುವುದು ಇನ್ನರ್ಧ, ಅದನ್ನು ನಾವು ಸರಿಯಾಗಿ ಹೇಳಿಕೊಡುವುದೇ ಇಲ್ಲ.

ನಮ್ಮೂರ ಬಿಸಿಲನ್ನೇ ತಗೊಳ್ಳಿ. ಮೇ ತಿಂಗಳ ಮಧ್ಯಾಹ್ನ ಸೂಪರ್ ಮಾರ್ಕೆಟ್ ಏರಿಯಾದ ಬೀದಿಯಲ್ಲಿ ನಿಂತರೆ ನೆತ್ತಿ ಸುಡುತ್ತದೆ, ಆದರೆ ಚರ್ಮದ ಕೋಶದ ಡಿಎನ್‌ಎ ಕೆಡಿಸುವುದು ಆ ಸೆಖೆಯಲ್ಲ, ಬಿಸಿಲಿನಲ್ಲಿರುವ ಅಲ್ಟ್ರಾವೈಲೆಟ್ ಕಿರಣ. ಡಿಎನ್‌ಎ ಕೆಟ್ಟ ಕೂಡಲೇ ಪಿ53 ಎಂಬ ಪ್ರೋಟೀನ್ ಏರುತ್ತದೆ. ಮೊದಲು ಕೋಶ ವಿಭಜನೆಯಾಗದಂತೆ ತಡೆದು ರಿಪೇರಿಗೆ ಟೈಮ್ ಕೊಡುತ್ತದೆ. ಹಾನಿ ತೀರಾ ಜಾಸ್ತಿಯಿದ್ದರೆ ಅದೇ ಪಿ53 ಕೋಶವನ್ನು ಸಾವಿಗೆ ಕಳಿಸುತ್ತದೆ.

ಹೇಗೆ ಅನ್ನೋದು ಭಾಳ ಚಂದ ಇದೆ. ಕೊಲ್ಲುವ ಸಾಮಾನು ಕೋಶದೊಳಗೆ ಯಾವಾಗಲೂ ಸಿದ್ಧವಾಗಿಯೇ ಇರುತ್ತದೆ, ಬಿಸಿಎಲ್-2 ಗುಂಪಿನ ಕಾವಲು ಪ್ರೋಟೀನ್‌ಗಳು ಅದನ್ನು ತಡೆದು ಹಿಡಿದಿರುತ್ತವೆ, ಅಷ್ಟೇ. ಪಿ53 ಹುಟ್ಟಿಸುವ ಪ್ಯೂಮಾ ಎಂಬ ಪ್ರೋಟೀನ್ ಬಂದು ಆ ಕಾವಲನ್ನು ಕಟ್ಟಿಹಾಕುತ್ತದೆ. ಆಗ ಬ್ಯಾಕ್ಸ್, ಬ್ಯಾಕ್ ಎಂಬೆರಡು ಪ್ರೋಟೀನ್‌ಗಳು ಮೈಟೊಕಾಂಡ್ರಿಯದ ಹೊರಪೊರೆಗೆ ತೂತು ಕೊರೆಯುತ್ತವೆ, ಒಳಗಿದ್ದ ಸೈಟೋಕ್ರೋಮ್-ಸಿ ಹೊರಗೆ ಸೋರುತ್ತದೆ. ದಿನವಿಡೀ ಕೋಶಕ್ಕೆ ಶಕ್ತಿ ತಯಾರಿಸಲು ದುಡಿಯುವ ಅಣು ಅದು! ಹೊರಗೆ ಬಂದರೆ ಅದೇ ಕ್ಯಾಸ್ಪೇಸ್ ಎಂಬ ಕತ್ತರಿಸುವ ಕಿಣ್ವಗಳು ಎಚ್ಚರಾಗಲು ಕಾರಣವಾಗುತ್ತದೆ, ಅವು ಕೋಶವನ್ನು ಒಳಗಿಂದ ತುಂಡರಿಸುತ್ತವೆ. ಚೂರುಗಳನ್ನು ಅಕ್ಕಪಕ್ಕದ ಕೋಶಗಳು ನುಂಗುತ್ತವೆ. ಊತ ಇಲ್ಲ, ಕೀವಿಲ್ಲ.

ಈ ಬಿಸಿಎಲ್-2 ಸಿಕ್ಕಿದ್ದೇ ಒಂದು ಕ್ಯಾನ್ಸರ್‌ನಿಂದ. ಫಾಲಿಕ್ಯುಲರ್ ಲಿಂಫೋಮಾದಲ್ಲಿ 14 ಮತ್ತು 18ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ ಈ ಜೀನ್ ಮಿತಿಮೀರಿ ಕೆಲಸ ಮಾಡುತ್ತದೆ. 1988ರಲ್ಲಿ ವಿಜ್ಞಾನಿ ಡೇವಿಡ್ ವೋ ಮತ್ತು ಜೊತೆಗಾರರು ತೋರಿಸಿದ್ದು ಇದನ್ನೇ: ಅದು ಕೋಶಗಳನ್ನು ಬೆಳೆಸುವುದಿಲ್ಲ, ಸಾಯಲು ಬಿಡುವುದಿಲ್ಲ.

ಹಾಗಾದರೆ ಕಾವಲನ್ನು ನಾವೇ ತೆಗೆದರೆ? ವೆನೆಟೋಕ್ಲಾಕ್ಸ್ ಗುಳಿಗೆ ಮಾಡುವುದು ಅದನ್ನೇ, ಬಿಸಿಎಲ್-2ಗೆ ಅಂಟಿಕೊಂಡು ಅದರ ಹಿಡಿತ ಬಿಡಿಸುತ್ತದೆ. 2016ರಲ್ಲಿ ಅಮೆರಿಕದಲ್ಲಿ ಮೊದಲ ಒಪ್ಪಿಗೆ ಸಿಕ್ಕಿದ್ದು ಒಂದು ಬಗೆಯ ರಕ್ತ ಕ್ಯಾನ್ಸರ್‌ಗೆ, ಅದರಲ್ಲೂ 17ನೇ ಕ್ರೋಮೋಸೋಮ್‌ನ ಒಂದು ತುಂಡು ಕಳೆದುಕೊಂಡ ರೋಗಿಗಳಿಗೆ. ಪಿ53 ಜೀನ್ ಇರುವುದು ಆ ತುಂಡಿನಲ್ಲೇ! ಅಪ್ಪಣೆ ಕೊಡುವ ಪಿ53 ಇಲ್ಲದಿದ್ದರೂ ಮುಂದಿನ ಮೆಟ್ಟಿಲಲ್ಲಿ ಕೆಲಸ ನಡೆಯುತ್ತದೆ, ಅಲ್ವಾ? ಆ ಕಾಯಿಲೆಯಲ್ಲಿ ಇದನ್ನು 20 ಮಿಲಿಗ್ರಾಂನಿಂದ ಶುರುಮಾಡಿ ಐದು ವಾರಗಳಲ್ಲಿ ಮೆಲ್ಲಗೆ 400ಕ್ಕೆ ಏರಿಸುತ್ತಾರೆ, ಯಾಕೆಂದರೆ ಮೊದಲ ದಿನವೇ ಪೂರ್ತಿ ಕೊಟ್ಟರೆ ಇಷ್ಟು ದಿನ ತಡೆದಿಟ್ಟ ಸಾವು ಒಮ್ಮೆಲೇ ನುಗ್ಗಿ, ಸತ್ತ ಕೋಶಗಳ ಕಸವನ್ನು ಕಿಡ್ನಿ ತಾಳಲಾರದು.